ನಿದ್ದೆಯ ಜಮಾ-ಖರ್ಚು

ಕಾಚಿಗುಡ ಸ್ಟೇಷನ್ನಿನಿಂದ ಸಂಜೆ ಬೆಂಗಳೂರಿನ ಕಡೆ ಹೊರಡುವ ಗಾಡಿಯಲ್ಲಿ ಊಟದ ಡಬ್ಬಿ ಮುಚ್ಚುವಷ್ಟರಲ್ಲಿ ಅರ್ಧ ಬೋಗಿ ಗೊರಕೆ ಹೊಡೆಯುತ್ತಿರುತ್ತದೆ. ಕಣ್ಣಿಗೆ ಲೈಟು, ಎದುರು ಸೀಟಿನಲ್ಲಿ ಕೂಸಿನ ಅಳು, ಬೆನ್ನಿಗೆ ರೆಕ್ಸಿನ್. ಮನೆಯ ಮೆತ್ತನೆ ಹಾಸಿಗೆಯಲ್ಲಿ ರಾತ್ರಿಯಿಡೀ ಮಗ್ಗುಲು ಬದಲಿಸುವವರೂ ಅಲ್ಲಿ ಹೆಣದಂತೆ ಬಿದ್ದಿರುತ್ತಾರೆ. ಚಿಂತೆಯಿಲ್ಲದವನಿಗೆ ಸಂತೆಯಲ್ಲೂ ನಿದ್ದೆಯಂತೆ. ಸರಿ, ಆದರೆ ಬರ್ತ್ ಹತ್ತಿದ ಕೂಡಲೇ ಇವರ ಚಿಂತೆ ಎಲ್ಲಿ ಇಳಿದು ಹೋಯಿತು?

ರಿಚರ್ಡ್ ಬೂಟ್ಜಿನ್ ಎಂಬ ಅಮೆರಿಕದ ಮನಶ್ಶಾಸ್ತ್ರಜ್ಞರು 1972ರಲ್ಲಿ ಹೂಡಿದ ವಾದವನ್ನು ಹಿಡಿದು ನೋಡಿದರೆ ಇದರ ಗುಟ್ಟು ಬಿಡುತ್ತದೆ. ದಿನಾ ಹಾಸಿಗೆ ಮೇಲೆ ಬಿದ್ದುಕೊಂಡು ಮನೆಸಾಲದ ಕಂತು ಎಣಿಸಿ, ಫೋನು ತಿಕ್ಕಿ, ಗಡಿಯಾರಕ್ಕೆ ಹಿಡಿಶಾಪ ಹಾಕುತ್ತಿದ್ದರೆ, ಹಾಸಿಗೆ ಕಂಡರೆ ಎಚ್ಚರವಾಗಬೇಕು ಅಂತಲೇ ಮೈ ಕಲಿತುಬಿಡುತ್ತದೆ. ಬರ್ತಿಗೆ ಆ ಪೂರ್ವಾಶ್ರಮವಿಲ್ಲ. ಹಾಗಾಗಿ ಅವರ ಕಟ್ಟಳೆ: ತೂಕಡಿಕೆ ಬಂದಾಗಷ್ಟೇ ಮಲಗು, ಹತ್ತು ನಿಮಿಷವಾದರೂ ನಿದ್ದೆ ಹತ್ತದಿದ್ದರೆ ಎದ್ದು ಆಚೆ ಹೋಗು, ರಾತ್ರಿ ಹೇಗೇ ಕಳೆದಿರಲಿ, ಬೆಳಿಗ್ಗೆ ಏಳುವ ಹೊತ್ತು ಬದಲಾಗಕೂಡದು, ಹಗಲು ನಿದ್ದೆ ಬಂದ್.

ಬರ್ಕತ್‌ಪುರದ ನಮ್ಮ ಕಾಕಾಗೆ ಇದನ್ನು ಹೇಳಿದರೆ ನಕ್ಕುಬಿಟ್ಟರು. ನಮ್ಮಜ್ಜ ನಿಜಾಮರ ಕಾಲದಲ್ಲಿ ಕಲಬುರಗಿಯಿಂದ ಹೈದರಾಬಾದಿಗೆ ನೌಕರಿಗೆ ಬಂದವರು. 1956ರಲ್ಲಿ ಜಿಲ್ಲೆ ಮೈಸೂರು ರಾಜ್ಯಕ್ಕೆ ಹೋಯಿತು, ಮನೆ ಇಲ್ಲೇ ಉಳಿಯಿತು. ಕಾಕಾ ಕನ್ನಡದಲ್ಲಿ "ನಿದ್ದಿ ಹತ್ತವಲ್ದೋ ತಮ್ಮಾ" ಅಂತ ನರಳುತ್ತಾರೆ; ಚಾಯ್ ಅಂಗಡಿಯಲ್ಲಿ ಅದೇ ಗೋಳು "ನೀಂದಿಚ್ ನೈ ಆರಿ ಮಿಯಾ" ಆಗುತ್ತದೆ. ಮನಶ್ಶಾಸ್ತ್ರಜ್ಞರ ಹತ್ತಿರ ಹೋಗೋಣ ಅಂದರೆ, "ಎರ್ರಗಡ್ಡಕ್ಕ ಒಯ್ತೀಯೇನು ನನ್ನ?" ಅಂತ ಸಿಟ್ಟಿಗೆದ್ದರು. ಮಾನಸಿಕ ಆಸ್ಪತ್ರೆ ಇರುವ ಆ ಬಡಾವಣೆಯ ಹೆಸರೆತ್ತಿದರೆ ಸಾಕು, ಹೈದರಾಬಾದಿನಲ್ಲಿ ಮಿಕ್ಕಿದ್ದು ಹೇಳಬೇಕಾಗಿಲ್ಲ.

ಅವರ ನಿದ್ದೆ ಕೆಟ್ಟದ್ದು ಮಗಳ ಮದುವೆಯ ಗಡಿಬಿಡಿಯಲ್ಲಿ. ಮದುವೆ ಮುಗಿದು ಮೊಮ್ಮಗ ಶಾಲೆಗೆ ಹೋಗುತ್ತಿದ್ದಾನೆ, ನಿದ್ದೆ ಮಾತ್ರ ವಾಪಸಾಗಲಿಲ್ಲ. ಆರ್ಥರ್ ಸ್ಪೀಲ್‌ಮನ್ ಎಂಬವರು ಹಿಡಿದದ್ದು ಇದನ್ನೇ: ನಿದ್ದೆ ಕೆಡಿಸಿದ ಕಾರಣ ಬೇರೆ, ಕೆಟ್ಟದ್ದನ್ನು ಸಾಕಿಕೊಂಡು ಬರುವ ಕಾರಣ ಬೇರೆ. ಕೆಟ್ಟ ರಾತ್ರಿಗೆ ಪರಿಹಾರವೆಂದು ಕಾಕಾ 9ಕ್ಕೇ ಮಲಗುವುದು, ಮಧ್ಯಾಹ್ನ ಅಡ್ಡಾಗುವುದು, ಅದರ ಜಡ ಬಿಡಲು ಸಂಜೆ ಉಸ್ಮಾನಿಯಾ ಬಿಸ್ಕತ್ತಿನ ಜೊತೆ ಮೇಲಿಂದ ಮೇಲೆ ಇರಾನಿ ಚಾಯ್. ಕುಡಿದ ಕೆಫೀನಿನಲ್ಲಿ ಸುಮಾರು ಅರ್ಧ, ಐದು ತಾಸಾದರೂ ರಕ್ತದಲ್ಲೇ ಓಡಾಡಿಕೊಂಡಿರುತ್ತದೆ. ಮದುವೆ ಯಾವತ್ತೋ ಮುಗಿದಿದೆ, ಅದರ ಹೆಸರಲ್ಲಿ ಜಾಗರಣೆ ನಡೆದೇ ಇದೆ.

ಕೊನೆಗೆ ಮನಶ್ಶಾಸ್ತ್ರಜ್ಞರ ಹತ್ತಿರ ಹೋದರು. ಅಲ್ಲಿ ಕೊಟ್ಟದ್ದು ಗುಳಿಗೆಯಲ್ಲ, ಒಂದು ವಹಿ. ಮಲಗಿದ್ದು ಎಷ್ಟಕ್ಕೆ, ನಿದ್ದೆ ಹತ್ತಿದ್ದು, ಎಚ್ಚರಾದದ್ದು, ಎದ್ದದ್ದು ಎಷ್ಟಕ್ಕೆ ಎಂದು ದಿನಾ ಬರೆಯಬೇಕು. (ಹಳೆಯ ನಿದ್ರಾಹೀನತೆಗೆ ಮಾತ್ರೆಗಿಂತ ಮೊದಲು ಈ ಬಗೆಯ ಚಿಕಿತ್ಸೆಯನ್ನೇ ಕೊಡಿ ಎಂದು ಅಮೆರಿಕದ ವೈದ್ಯರ ಸಂಘವೊಂದು 2016ರಲ್ಲಿ ಹೇಳಿದ್ದೂ ಉಂಟು.) ಅಕೌಂಟ್ಸ್ ಸೆಕ್ಷನ್ನಿನಲ್ಲಿ ನಿವೃತ್ತರಾದ ಕಾಕಾಗೆ ಇದು ಹಬ್ಬವಾಯಿತು. ಹಾಸಿಗೆ 9 ತಾಸು, ನಿದ್ದೆ ಐದೂವರೆ: ಶೇಕಡಾ 61. "ಲುಕ್ಸಾನದಾಗ ನಡದದ ಧಂದಾ" ಎಂದು ಕೆಂಪು ಪೆನ್ನಿನಲ್ಲಿ ಗೀಟು ಎಳೆದರು.

ಲುಕ್ಸಾನಿಗೆ ಮದ್ದನ್ನು ಸ್ಪೀಲ್‌ಮನ್ 1987ರಲ್ಲೇ ಬರೆದಿಟ್ಟಿದ್ದರು: ಹಾಸಿಗೆಯನ್ನೇ ಕಡಿಮೆ ಮಾಡು. ಐದೂವರೆ ತಾಸು ನಿದ್ದೆ ಬರುತ್ತಿದ್ದರೆ ಅಷ್ಟೇ ಹೊತ್ತು ಮಲಗು. ಲೆಕ್ಕ ಶೇಕಡಾ 85-90 ಮುಟ್ಟಿದ ಮೇಲೆ 15-15 ನಿಮಿಷ ಸೇರಿಸುತ್ತ ಹೋಗು. ಮೂರ್ಛೆರೋಗ ಇರುವವರು, ಬಸ್ಸು-ಲಾರಿ ಓಡಿಸುವವರು ಇದನ್ನು ತಾವಾಗಿ ಮಾಡಹೋಗಬಾರದು. "ಜರಾ ಮಲಕ್ಕೋ, ಆರಾಮಾಗ್ತದ" ಎಂಬ ಮಾತು ಕೇಳುತ್ತ ಬೆಳೆದ ನಮಗೆ ಇದು ಹಸಿದವನಿಗೆ ಉಪವಾಸ ಹೇಳಿದಂತೆ ಕೇಳುತ್ತದೆ. ಆದರೆ ಔಷಧವೇ ಆ ಹಸಿವು. ಎದ್ದಿದ್ದಷ್ಟೂ ನಿದ್ದೆಯ ಒತ್ತಡ ಏರುತ್ತದೆ. ಅದನ್ನು ಮಧ್ಯಾಹ್ನ ಚಿಲ್ಲರೆಯಾಗಿ ಖರ್ಚು ಮಾಡಿದರೆ ರಾತ್ರಿಗೆ ಏನೂ ಉಳಿಯುವುದಿಲ್ಲ.

ರಾತ್ರಿ ಹನ್ನೆರಡೂವರೆವರೆಗೆ ಕಾಕಾ ಏನು ಮಾಡಬೇಕು? ಶೇಂಗಾ ಸುಲಿದರು. ಹಳೇ ಪಂಚಾಂಗ ಜೋಡಿಸಿದರು. ಗಚ್ಚಿಬೌಲಿಯಲ್ಲಿ ಅಮೆರಿಕದ ವೇಳೆಗೆ ದುಡಿಯುವ ಮಗ ಕ್ಯಾಬ್ ಹತ್ತುವಾಗ ಗೇಟಿನವರೆಗೂ ಬಂದು ಟಾಟಾ ಮಾಡಿದರು. ಮೊದಮೊದಲು ಭಜನೆಯಲ್ಲಿ ತಾಳ ಕೈಯಲ್ಲಿರುವಂತೆಯೇ ತೂಕಡಿಸಿದ್ದೂ ಉಂಟು. ಕಾಕು ಮಾತ್ರ ಹತ್ತಕ್ಕೇ ಮುಸುಕೆಳೆಯುತ್ತಿದ್ದರು. ಲಕ್ಷ್ಮಣ ವನವಾಸದಲ್ಲಿ ಎಚ್ಚರಿದ್ದಷ್ಟು ಕಾಲ ಅರಮನೆಯಲ್ಲಿ ಊರ್ಮಿಳೆ ನಿದ್ದೆ ಮಾಡಿದಳೆಂದು ತೆಲುಗು ಹೆಂಗಸರ ಹಾಡಿದೆ; ನೆರೆಮನೆಯವರಿಂದ ಕೇಳಿ ಕಲಿತ ಕಾಕು, "ನಿಮ್ಮ ಪಾಲಿಂದು ನಾ ಮಾಡ್ತೀನಿ, ನೀವು ಶೇಂಗಾ ಸುಲೀರಿ" ಎನ್ನುತ್ತಿದ್ದರು.

ಲೆಕ್ಕ ಮೆಲ್ಲಗೆ 85 ದಾಟಿತು. ಕಾಕಾ ಈಗ ತಲೆದಿಂಬಿಗೆ ತಲೆ ಕೊಟ್ಟರೆ ಆಯಿತು. ಆದರೆ ಗೊರಕೆ ಜೋರು, ನಡುನಡುವೆ ಉಸಿರು ಕಟ್ಟಿದಂತಾಗಿ ದಿಢೀರನೆ ಬುಸ್ಸೆನ್ನುತ್ತಾರೆ. ಆ ರೋಗಕ್ಕೆ ವಹಿ ನಡೆಯುವುದಿಲ್ಲ. ಮೈಗೆ ವೈರು ಹಚ್ಚಿ ರಾತ್ರಿಯೆಲ್ಲ ನೋಡುವ ಪರೀಕ್ಷೆಯೇ ಆಗಬೇಕು. ತಾರೀಖು ಗೊತ್ತಾಗಿದೆ. ಅಲ್ಲಿಯವರೆಗೆ ಏನು ಗತಿ ಎಂದರೆ ಕಾಕು ಕಣ್ಣುಜ್ಜಿಕೊಂಡು ಹೇಳಿದರು: "ಇನ್ನೊಂದ್ ವಹಿ ತರ್ರಿ, ನನ್ನ ಹೆಸರಿಲೆ."