ಸಿಲ್ವರ್‌ಸ್ಟೋನ್: ಎಲ್ಲರೂ ಎದ್ದು ನಿಂತಾಗ

ಇಂಗ್ಲೆಂಡಿನ ನಡುನಾಡಿನಲ್ಲಿ, ನಾರ್ತಾಂಪ್ಟನ್‌ಷೈರ್ ಮತ್ತು ಬಕಿಂಗ್‌ಹ್ಯಾಮ್‌ಷೈರ್ ಪ್ರಾಂತಗಳ ಗಡಿಯಲ್ಲಿ ಸಿಲ್ವರ್‌ಸ್ಟೋನ್ ಎಂಬ ಪುಟ್ಟ ಹಳ್ಳಿಯಿದೆ. ಸುತ್ತಲೂ ಹಸುರು ಹೊಲಗಳು, ಬೇಲಿಸಾಲುಗಳು, ಅಲ್ಲೊಂದು ಇಲ್ಲೊಂದು ಕಾಡಿನ ತುಣುಕು. ಆದರೆ ಬ್ರಿಟಿಷ್ ಗ್ರ್ಯಾನ್ ಪ್ರೀ ನಡೆಯುವ ಬೇಸಗೆಯ ಆ ನಾಲ್ಕು ದಿನ ಹಳ್ಳಿಯ ರೂಪವೇ ಬದಲಾಗುತ್ತದೆ. ಕನ್ನಡನಾಡಿನ ದೊಡ್ಡ ತೇರಿನ ಜಾತ್ರೆಯನ್ನು ಕಂಡವರಿಗೆ ಆ ನೋಟ ಹೊಸದೆನಿಸದು. ಅದೇ ಗುಡಾರಗಳು, ಅದೇ ತಿಂಡಿಯಂಗಡಿಗಳು, ಹೆಗಲ ಮೇಲೆ ಕುಳಿತ ಅದೇ ಮಕ್ಕಳು. ಇಲ್ಲಿನ ತೇರು ಮಾತ್ರ ಗಂಟೆಗೆ ಮುನ್ನೂರು ಕಿಲೋಮೀಟರಿನ ವೇಗದಲ್ಲಿ ಓಡುತ್ತದೆ. 2023ರಲ್ಲಿ ನಾಲ್ಕು ದಿನಗಳಿಗೂ ಸೇರಿ ಇಲ್ಲಿಗೆ ಬಂದವರ ಲೆಕ್ಕ 4,80,000.

ಈ ನೆಲ ಮೊದಲು ಮೋಟಾರಿಗಾಗಿ ಸಿದ್ಧವಾದುದಲ್ಲ. ಎರಡನೆಯ ಮಹಾಯುದ್ಧದ ನಡುವೆ, 1943ರಲ್ಲಿ, ಇಲ್ಲೊಂದು ವಿಮಾನನೆಲೆ ತಲೆಯೆತ್ತಿತು. ವೆಲಿಂಗ್ಟನ್ ಬಾಂಬರುಗಳನ್ನು ಹಾರಿಸುವ ತರುಣರು ಇಲ್ಲಿ ತರಬೇತಿ ಪಡೆದರು. ಯುದ್ಧ ಮುಗಿದ ಮೇಲೆ ಪಾಳುಬಿದ್ದ ಓಡುದಾರಿಗಳೂ ಅವುಗಳನ್ನು ಸುತ್ತುವರಿದ ರಸ್ತೆಯೂ ಉಳಿದವು. 1948ರಲ್ಲಿ ಹುಲ್ಲಿನ ಪೆಂಡಿಗಳನ್ನೂ ಎಣ್ಣೆಯ ಪೀಪಾಯಿಗಳನ್ನೂ ಗಡಿಗೆ ಇಟ್ಟು ಇಲ್ಲಿ ಮೊದಲ ಗ್ರ್ಯಾನ್ ಪ್ರೀ ಪಂದ್ಯವನ್ನು ನಡೆಸಿದರು. 1950ರ ಮೇ 13ರಂದು ವಿಶ್ವ ಚಾಂಪಿಯನ್‌ಷಿಪ್ಪಿನ ಮೊತ್ತಮೊದಲ ಪಂದ್ಯ ನಡೆದದ್ದೂ ಇಲ್ಲಿಯೇ. ಅಂದು ದೊರೆ ಆರನೆಯ ಜಾರ್ಜ್ ನೋಡಲು ಬಂದಿದ್ದನು. ಆಲ್ಫಾ ರೋಮಿಯೋ ಮೋಟಾರಿನಲ್ಲಿ ಇಟಲಿಯ ಫರೀನಾ ಗೆದ್ದನು.

ಈ ಅಂಗಳದ ಚರಿತ್ರೆಯಲ್ಲಿ ಇನ್ನೊಂದು ದಿನ ಮರೆಯಲಾಗದ್ದು. 1979ರ ಜುಲೈ 14ರಂದು ಫ್ರಾಂಕ್ ವಿಲಿಯಮ್ಸನ ತಂಡ ತನ್ನ ಮೊದಲ ಗ್ರ್ಯಾನ್ ಪ್ರೀ ಗೆಲುವನ್ನು ಇಲ್ಲಿ ಕಂಡಿತು. ತಂಡದ ಅಲನ್ ಜೋನ್ಸ್ ಮುಂದಿದ್ದನಾದರೂ ಅವನ ಮೋಟಾರು ಕೆಟ್ಟು ನಿಂತಿತು. ಜಯಮಾಲೆ ಸ್ವಿಟ್ಸರ್ಲೆಂಡಿನ ಕ್ಲೇ ರೆಗಾತ್ಸೋನಿಯ ಕೊರಳಿಗೆ ಬಿತ್ತು. ಮುಂದಿನ ವರ್ಷವೇ ಅಮೆರಿಕದ ಲಾಂಗ್ ಬೀಚಿನಲ್ಲಿ ರೆಗಾತ್ಸೋನಿಯ ಮೋಟಾರು ಅಪಘಾತಕ್ಕೀಡಾಗಿ, ಅವನ ಕಾಲುಗಳ ಶಕ್ತಿ ಶಾಶ್ವತವಾಗಿ ಉಡುಗಿತು. 1986ರ ಮಾರ್ಚಿನಲ್ಲಿ ಫ್ರಾನ್ಸಿನ ಸಾಮಾನ್ಯ ರಸ್ತೆಯೊಂದರಲ್ಲಿ ವಿಲಿಯಮ್ಸನ ಬಾಡಿಗೆಯ ಕಾರು ಉರುಳಿ, ಅವನೂ ಗಾಲಿಕುರ್ಚಿಗೆ ಸೇರಿದನು. ಅಂದಿನ ಸಂಭ್ರಮದ ನಾಯಕರಿಬ್ಬರೂ ಏಳು ವರ್ಷಗಳೊಳಗೆ ಕುಳಿತಲ್ಲಿಂದ ಏಳಲಾರದವರಾದರು.

ಇಬ್ಬರೂ ಮೋಟಾರನ್ನು ಬಿಡಲಿಲ್ಲ. ರೆಗಾತ್ಸೋನಿ ಕೈಯಿಂದಲೇ ನಡೆಸಬಹುದಾದ ಮೋಟಾರಿನಲ್ಲಿ ಡಾಕರ್ ಮರುಭೂಮಿಯ ಪಂದ್ಯಕ್ಕೂ ಹೋದನು. ವಿಲಿಯಮ್ಸನು ದಶಕಗಳ ಕಾಲ ಗಾಲಿಕುರ್ಚಿಯಿಂದಲೇ ತಂಡವನ್ನು ನಡೆಸಿದನು. ಆದರೆ ಅವರಿಗೆ ತೆರೆದದ್ದು ಒಳಗಿನ ಬಾಗಿಲು. ಮೋಟಾರುಗಳನ್ನು ಸಜ್ಜುಗೊಳಿಸುವ ಅಂಕಣದ ಬಾಗಿಲು. ಅಲ್ಲಿ ದಾರಿ ಬಿಡುವವರು ಇದ್ದರು, ಎತ್ತಿ ಹಿಡಿಯುವ ಕೈಗಳಿದ್ದವು. ಹಣ ಕೊಟ್ಟು ಚೀಟಿ ಕೊಂಡು ಹೊರಗಿನ ಬಾಗಿಲಿನಿಂದ ಬರುವ, ಹೆಸರಿಲ್ಲದ ಅಂಗವಿಕಲ ಪ್ರೇಕ್ಷಕನ ಕತೆ ಬೇರೆ.

ಅವನ ಪಂದ್ಯ ನಸುಕಿನಲ್ಲಿಯೇ ಮೊದಲಾಗುತ್ತದೆ. ಪಥದ ಒಂದು ಸುತ್ತು 5.891 ಕಿಲೋಮೀಟರು. ಓಟಗಾರರಿಗೆ ಅದು ಸುಮಾರು ಒಂದೂವರೆ ನಿಮಿಷದ ಮಾತು. ಕಾರು ನಿಲ್ಲಿಸಿದ ಹೊಲದಿಂದ ತನ್ನ ಜಾಗಕ್ಕೆ ಗಾಲಿಕುರ್ಚಿಯನ್ನು ತಳ್ಳಿಕೊಂಡು ಹೋಗುವವನಿಗೆ ಅದರ ಒಂದು ತುಣುಕೇ ಬೆಳಗಿನ ದುಡಿಮೆ. ವಿಮಾನನೆಲೆಯಾಗಿದ್ದ ಸಮತಟ್ಟಾದ ನೆಲ ಅವನಿಗೆ ನೆರವಾಗುತ್ತದೆ. ಡಾಂಬರು ಮುಗಿದು ಹುಲ್ಲು ತೊಡಗಿದೊಡನೆ ಆ ನೆರವೂ ಮುಗಿಯುತ್ತದೆ. ಮಳೆ ಬಂದರಂತೂ ಹೇಳತೀರದು. 2000ದಲ್ಲಿ ಪಂದ್ಯವನ್ನು ಏಪ್ರಿಲಿಗೆ ತಂದಾಗ ಸುರಿದ ಮಳೆಗೆ ಕಾರು ನಿಲ್ಲಿಸುವ ಹೊಲಗಳೆಲ್ಲ ಕೆಸರುಗದ್ದೆಗಳಾದವು. 2012ರ ಜುಲೈನಲ್ಲಿಯೂ ಅದೇ ಪಾಡು; ಶನಿವಾರದ ದಿನ ಬರಬೇಡಿರೆಂದು ಜನರನ್ನು ಕೇಳಿಕೊಳ್ಳಬೇಕಾಯಿತು. ಕಾಲಿದ್ದವನ ಪಾದರಕ್ಷೆ ಕೆಸರಿನಲ್ಲಿ ಹೂತರೆ ಅವನು ಅದನ್ನು ಕಿತ್ತುಕೊಂಡು ನಡೆದಾನು. ಗಾಲಿ ಹೂತರೆ ಮನುಷ್ಯನೇ ಹೂತಂತೆ.

ಜಾಗ ಮುಟ್ಟಿದ ಮೇಲೆ ಇನ್ನೊಂದು ತೊಡಕು. ಮೋಟಾರುಗಳು ಬೆಕೆಟ್ಸ್ ತಿರುವಿನ ಅತ್ತಿತ್ತ ಬಳುಕಿ ಸ್ಟೋ ತಿರುವಿನತ್ತ ಧಾವಿಸುವುದು ಕೆಲವೇ ಕ್ಷಣಗಳ ನೋಟ. ಮೊದಲ ಮೋಟಾರಿನ ಸದ್ದು ಕೇಳುತ್ತಿದ್ದಂತೆ, ತೇರು ಕದಲಿದಾಗ ಜಾತ್ರೆಯ ಜನ ಏಳುವಂತೆ, ಇಡೀ ಸಮೂಹ ಎದ್ದು ನಿಲ್ಲುತ್ತದೆ. ಕುಳಿತವನಿಗೆ ಉಳಿಯುವುದು ಮುಂದಿನ ಸಾಲಿನವರ ಬೆನ್ನು. ಯಾರೂ ಅವನಿಗೆ ಕೇಡು ಬಯಸಿರುವುದಿಲ್ಲ. ಸಂತೋಷದಿಂದ ಎದ್ದ ಜನರೇ ಅವನ ಕಣ್ಣಿಗೆ ಗೋಡೆಯಾಗುತ್ತಾರೆ.

ಈ ಗೋಡೆಗೆ ಪರಿಹಾರ ಸರಳವಾದುದು: ಇಳಿಜಾರಿನ ದಾರಿಯುಳ್ಳ ಎತ್ತರದ ಅಟ್ಟಣೆ. ಸಿಲ್ವರ್‌ಸ್ಟೋನಿನಲ್ಲಿ ಗಾಲಿಕುರ್ಚಿಯವರಿಗೆಂದೇ ಅಂತಹ ಅಟ್ಟಣೆಗಳನ್ನು ಏರ್ಪಡಿಸುತ್ತಾರೆ. ಮುಂದಿನವರು ನಿಂತರೂ ಅವರ ತಲೆಯ ಮೇಲಿನಿಂದ ಪಥ ಕಾಣಬೇಕು, ಲೆಕ್ಕ ಇಷ್ಟೇ. ಆ ಲೆಕ್ಕವನ್ನು ಕುಳಿತವನ ಕಣ್ಣಿನ ಎತ್ತರದಿಂದ ಮಾಡಬೇಕೇ ಹೊರತು ನಿಂತು ನಕ್ಷೆ ಬರೆಯುವವನ ಕಣ್ಣಿನಿಂದಲ್ಲ. ಅಟ್ಟಣೆಯ ಕಂಬಿ ಒಂದು ಗೇಣು ಮೇಲಿದ್ದರೂ ಸರಿಯಾಗಿ ಕಣ್ಣಿಗೆ ಅಡ್ಡ ಬರುತ್ತದೆ.

ಅಟ್ಟಣೆಯೊಂದೇ ಸಾಲದು. ಜೊತೆಗೆ ಬಂದವನಿಗೂ ಅಲ್ಲಿ ಆಸನ ಬೇಕು. ಪಂದ್ಯ ನೋಡುವಾಗ ಒಬ್ಬಂಟಿಯಾದರೆ ಹಿಗ್ಗನ್ನು ಹಂಚಿಕೊಳ್ಳುವುದು ಯಾರೊಡನೆ? ಶೌಚಗೃಹ ಹತ್ತಿರವಿರಬೇಕು, ಗಾಲಿಕುರ್ಚಿ ಒಳಗೆ ತಿರುಗುವಷ್ಟು ಅಗಲವಿರಬೇಕು. ಅದಿಲ್ಲವೆಂಬ ಭಯಕ್ಕೆ ಬಿಸಿಲಿನಲ್ಲಿ ದಿನವಿಡೀ ನೀರು ಕುಡಿಯದೆ ಕುಳಿತಿರುವವರುಂಟು. ಕಣ್ಣಿಲ್ಲದವರಿಗೆ ವೀಕ್ಷಕವಿವರಣೆಯ ರೇಡಿಯೊ ಬೇಕು. ಕಿವಿ ಕೇಳದವರಿಗೆ ಪ್ರಕಟಣೆಗಳು ಅಕ್ಷರದಲ್ಲಿ ಕಾಣಬೇಕು. ಅಬ್ಬರದ ಸದ್ದನ್ನು ಸಹಿಸಲಾರದ ಮನಸ್ಸಿನ ಮಕ್ಕಳಿಗೆ ಸ್ವಲ್ಪ ಹೊತ್ತು ತಂಗಲು ಶಾಂತವಾದ ಕೋಣೆ ಬೇಕು. ಹೊರನೋಟಕ್ಕೆ ಕಾಣದ ನೋವುಳ್ಳವನು ಬಾಗಿಲು ಬಾಗಿಲಿಗೂ ತನ್ನ ರೋಗವನ್ನು ಸಾಬೀತು ಮಾಡಬೇಕಾಗಿ ಬರಬಾರದು.

ಇವೆಲ್ಲ ದಯೆಯ ಮಾತಾಗಿ ಉಳಿದಿಲ್ಲ. ಬ್ರಿಟನ್ 1995ರಲ್ಲಿ ಅಂಗವಿಕಲರಿಗೆ ಭೇದವೆಣಿಸುವುದನ್ನು ತಡೆಯುವ ಶಾಸನವನ್ನು ಮಾಡಿತು. ಇಂಗ್ಲೆಂಡಿನಲ್ಲಿ ಅದರ ಸ್ಥಾನವನ್ನು 2010ರ ಸಮಾನತೆಯ ಶಾಸನ ತೆಗೆದುಕೊಂಡಿತು. ಜನರಿಗೆ ಸೇವೆ ಒದಗಿಸುವವರು ಯುಕ್ತವಾದ ಮಾರ್ಪಾಡುಗಳನ್ನು ಮಾಡತಕ್ಕದ್ದೆಂದೂ, ಅಂಗವಿಕಲನು ಬಾಗಿಲಿಗೆ ಬಂದು ನಿಂತ ಮೇಲಲ್ಲದೆ ಮುಂಚಿತವಾಗಿಯೇ ಯೋಚಿಸತಕ್ಕದ್ದೆಂದೂ ಅದರ ಆಶಯ. ಭಾರತವೂ 2016ರಲ್ಲಿ ಅಂಗವಿಕಲರ ಹಕ್ಕುಗಳ ಶಾಸನವನ್ನು ಮಾಡಿಕೊಂಡಿದೆ. ಆದರೆ ಯಾವ ಶಾಸನವೂ ಕೆಸರಿನ ಮೇಲೆ ಹಲಗೆ ಹಾಸುವುದಿಲ್ಲ, ಹಾಸಬೇಕಾದವರು ಮನುಷ್ಯರೇ.

ಇಂಗ್ಲೆಂಡಿನ ಇನ್ನೊಂದು ಹಳೆಯ ಮೋಟಾರು ಅಂಗಳ ಬ್ರಾಂಡ್ಸ್ ಹ್ಯಾಚ್. ಅಪಘಾತವಾದ ನಾಲ್ಕೇ ತಿಂಗಳಿಗೆ, 1986ರ ಜುಲೈನಲ್ಲಿ, ವಿಲಿಯಮ್ಸನು ಗಾಲಿಕುರ್ಚಿಯಲ್ಲಿ ಅಲ್ಲಿಗೆ ಬಂದಿದ್ದನು. ಅವನ ತಂಡದ ನೈಜೆಲ್ ಮ್ಯಾನ್ಸೆಲ್ ಅಂದಿನ ಪಂದ್ಯವನ್ನು ಗೆದ್ದನು. ಇಪ್ಪತ್ತಾರು ವರ್ಷಗಳ ತರುವಾಯ, 2012ರ ಪ್ಯಾರಾಲಿಂಪಿಕ್ ಕ್ರೀಡೆಗಳಲ್ಲಿ, ಸೈಕಲ್ ಪಂದ್ಯಗಳು ಅದೇ ಪಥದಲ್ಲಿ ನಡೆದವು. 2001ರ ಮೋಟಾರು ಅಪಘಾತದಲ್ಲಿ ಎರಡು ಕಾಲುಗಳನ್ನೂ ಕಳೆದುಕೊಂಡಿದ್ದ ಇಟಲಿಯ ಅಲೆಕ್ಸ್ ಝನಾರ್ಡಿ ಕೈಯಿಂದ ತುಳಿಯುವ ಸೈಕಲಿನಲ್ಲಿ ಅಲ್ಲಿ ಚಿನ್ನದ ಪದಕ ಗೆದ್ದನು. ಪಥದ ಮೇಲೆ ಎತ್ತಿಹಿಡಿದ ಅವನ ಸೈಕಲಿನ ಚಿತ್ರವನ್ನು ಲೋಕವೆಲ್ಲ ನೋಡಿತು.

ಅಂತಹ ವೀರರಿಗೆ ಲೋಕ ಎದ್ದು ನಿಂತು ಚಪ್ಪಾಳೆ ತಟ್ಟುತ್ತದೆ; ಅದು ನ್ಯಾಯವೇ. ಆದರೆ ಅಂಗವಿಕಲರೆಲ್ಲರೂ ವೀರರಾಗಬೇಕಾದ ಅಗತ್ಯವಿಲ್ಲ. ಅವರಲ್ಲಿ ಬಹುಮಂದಿ ಬಯಸುವುದು ಇತರರಂತೆ ಒಂದು ದಿನ: ಗೆಳೆಯನೊಡನೆ ತಿಂಡಿ ತಿಂದು, ಮಳೆಗೆ ಬೈದು, ಮೆಚ್ಚಿದ ಓಟಗಾರ ಸೋತರೆ ಮುಖ ಸಪ್ಪಗೆ ಮಾಡಿಕೊಂಡು, ಸಂಜೆ ಮನೆ ಸೇರುವ ಒಂದು ಸಾಧಾರಣ ದಿನ. ಮೊದಲ ಮೋಟಾರು ತಿರುವಿನಲ್ಲಿ ಕಾಣಿಸಿ ಲಕ್ಷ ಜನ ಎದ್ದು ನಿಂತಾಗ, ಅಟ್ಟಣೆಯ ಮೇಲೆ ಕುಳಿತವನಿಗೂ ಅದು ಕಂಡರೆ, ಆ ದಿನ ಅವನದೂ ಆಯಿತು.