ಹಳೆಯ ಕಂಪ್ಯೂಟರನ್ನು ಬದಲಿಸುವ ಮುನ್ನ

2025ರ ಅಕ್ಟೋಬರ್ 14ರಂದು ವಿಂಡೋಸ್ 10ರ ಸಾಮಾನ್ಯ ಬೆಂಬಲ ಕೊನೆಗೊಂಡ ಮೇಲೆ, ವಾಷಿಂಗ್ಟನ್, ಅಟ್ಲಾಂಟಾ ಮತ್ತು ಕೆರೊಲಿನಾಗಳ ಕನ್ನಡ ಕುಟುಂಬಗಳ ಮುಂದೆಯೂ ಮನೆಯ ಹಳೆಯ ಕಂಪ್ಯೂಟರನ್ನು ಸುಧಾರಿಸಬೇಕೇ, ಬದಲಿಸಬೇಕೇ ಎಂಬ ಪ್ರಶ್ನೆ ನಿಂತಿದೆ. ದೋಷವು ನಿಧಾನಗತಿಯಷ್ಟೇ ಆಗಿದ್ದರೆ, ತಿರುಗುವ ತಟ್ಟೆಗಳ ಹಾರ್ಡ್ ಡಿಸ್ಕನ್ನು ತೆಗೆದು, ಚಲಿಸುವ ಭಾಗಗಳಿಲ್ಲದ ಸಂಗ್ರಹ ಸಾಧನವಾದ ಎಸ್‌ಎಸ್‌ಡಿಯನ್ನು ಅಳವಡಿಸುವುದೇ ಬಹುಪಾಲು ಸಾಕು. ಆದರೆ ವಿಂಡೋಸ್ 11, ಗೂಢಲಿಪಿಯ ಕೀಲಿಗಳನ್ನು ಕಾಯುವ ಟಿಪಿಎಂ 2.0 ಘಟಕವನ್ನೂ, ಇಂಟೆಲ್ ಯಂತ್ರಗಳಲ್ಲಿ ಸಾಮಾನ್ಯವಾಗಿ ಎಂಟನೆಯ ಅಥವಾ ನಂತರದ ಪೀಳಿಗೆಯ ಪ್ರೊಸೆಸರನ್ನೂ ಬಯಸುವುದರಿಂದ, ಆ ಮಿತಿಯನ್ನು ಬಿಡಿಭಾಗಗಳಿಂದ ದಾಟಲು ಹೊರಡುವುದು ದಂಡದ ಖರ್ಚು.

ಬೆಲೆಗಿಂತ ಗಂಭೀರವಾದುದು ಕಡತಗಳ ವಿಷಯ. ವಾಷಿಂಗ್ಟನ್ನಿನ ಕಾವೇರಿ, ಅಟ್ಲಾಂಟಾದ ನೃಪತುಂಗದಂತಹ ಕೂಟಗಳಿಗಾಗಿ ಹಿಂದೆ ಬರೆದ ನಾಟಕವೋ ಲೇಖನವೋ ಯಂತ್ರದಲ್ಲಿದ್ದರೆ, ಅದು ಯೂನಿಕೋಡ್, ಅಂದರೆ ಪ್ರತಿ ಲಿಪಿಯ ಅಕ್ಷರಕ್ಕೂ ಜಗತ್ತಿನಾದ್ಯಂತ ಒಂದೇ ಸಂಕೇತವನ್ನು ನಿಗದಿಪಡಿಸುವ ಪದ್ಧತಿ, ಬಳಕೆಗೆ ಬರುವ ಮೊದಲಿನ ‘ಬರಹ’ ಅಥವಾ ‘ನುಡಿ’ ಫಾಂಟಿನಲ್ಲಿರುವ ಸಂಭವವುಂಟು. ಆ ಫಾಂಟಿಲ್ಲದ ಹೊಸ ಯಂತ್ರದಲ್ಲಿ ಅಂಥ ಪಠ್ಯವು ಅರ್ಥವಿಲ್ಲದ ರೋಮನ್ ಚಿಹ್ನೆಗಳ ರಾಶಿಯಾಗಿ ಕಾಣುತ್ತದೆ. ಆದ್ದರಿಂದ ಯೂನಿಕೋಡಿಗೆ ಪರಿವರ್ತಿಸುವ ಕೆಲಸ ಹಳೆಯ ಯಂತ್ರ ಜೀವಂತವಿರುವಾಗಲೇ ಮುಗಿಯಬೇಕು.

ಕೊಳ್ಳುವುದೇ ನಿಶ್ಚಯವಾದರೆ, ಸೌತ್ ಕೆರೊಲಿನಾದಲ್ಲಿ ಆಗಸ್ಟ್ ಆರಂಭದ ಮೂರು ದಿನಗಳ ತೆರಿಗೆ ರಜೆಯಲ್ಲಿ ಕಂಪ್ಯೂಟರಿಗೂ ವಿನಾಯಿತಿಯಿದೆ. ಗಡಿ ದಾಟಿ ಕೊಂಡುತರುವ ಶಾರ್ಲಟ್ ನಿವಾಸಿಗೆ ಮಾತ್ರ ನಾರ್ತ್ ಕೆರೊಲಿನಾದ ಬಳಕೆ ತೆರಿಗೆ, ಅಂದರೆ ಹೊರರಾಜ್ಯದಲ್ಲಿ ತೆರಿಗೆಯಿಲ್ಲದೆ ಕೊಂಡ ವಸ್ತುವಿಗೆ ತವರು ರಾಜ್ಯ ಕೇಳುವ ತೆರಿಗೆ, ಕಾನೂನಿನ ಪ್ರಕಾರ ತಪ್ಪುವುದಿಲ್ಲ.