ಅಂಬಾಸಿಡರಿನ ಮುಂಗಾಲು

ಹೆಂಗಸರು ಕಾರಿನ ಬಗ್ಗೆ ಬರೆದರೆ ಅದರ ಬಣ್ಣದ ಬಗ್ಗೆಯೋ ಸೀಟಿನ ಕವರಿನ ಬಗ್ಗೆಯೋ ಬರೆಯುತ್ತಾರೆಂದು ಒಂದು ನಂಬಿಕೆಯಿದೆ. ನಾನು ಬರೆಯಹೊರಟಿರುವುದು ಮುಂದಿನ ಗಾಲಿಯ ಹಿಂದೆ, ಯಾರ ಕಣ್ಣಿಗೂ ಬೀಳದಂತೆ ಕುಳಿತಿರುವ ಶಾಕ್ ಅಬ್ಸಾರ್ಬರಿನ ಬಗ್ಗೆ. ಕಾರಣ ನಮ್ಮವ್ವನ ಸೊಂಟ.

ಕೊಟ್ಟೂರಿನ ನಮ್ಮ ತವರುಮನೆಯಲ್ಲಿ ಒಂದು ಅಂಬಾಸಿಡರ್ ಇದೆ. ಅಪ್ಪ ಶೇಂಗಾ ವ್ಯಾಪಾರ ಮಾಡುತ್ತಿದ್ದಾಗ, ೧೯೮೬ರಲ್ಲಿ, ಯಾರಿಂದಲೋ ಕೊಂಡ ಹಳೆಯ ಗಾಡಿ. ಕೂಡ್ಲಿಗಿ, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ, ಇಷ್ಟಕ್ಕೆ ಅಪ್ಪನ ಭೂಗೋಳ ಮುಗಿಯುತ್ತಿತ್ತು. ಈ ಊರುಗಳಲ್ಲಿ ನಮ್ಮ ಬಳಗದ ಮದುವೆ, ಹೆರಿಗೆ, ಸಾವು ಯಾವುದೂ ಆ ಕಾರಿಲ್ಲದೆ ಆದದ್ದಿಲ್ಲ. ಅಪ್ಪ ಹೋದ ಮೇಲೆ ತಮ್ಮ ಅದನ್ನು ಮಾರಲೂ ಇಲ್ಲ, ಸರಿಯಾಗಿ ನೋಡಿಕೊಳ್ಳಲೂ ಇಲ್ಲ.

ಎರಡು ವರ್ಷದ ಹಿಂದೆ ಅವ್ವ ಬಚ್ಚಲಲ್ಲಿ ಜಾರಿ ಬಿದ್ದು ಸೊಂಟದ ಕೀಲು ಮುರಿದುಕೊಂಡಳು. ದಾವಣಗೆರೆಯಲ್ಲಿ ಆಪರೇಷನ್ ಆಗಿ ಕೃತಕ ಕೀಲು ಕೂಡಿಸಿದರು. ತಗ್ಗಿನ ಕುರ್ಚಿಯಲ್ಲಿ ಕೂಡಬಾರದು, ಕುಳಿತಾಗ ಮೊಣಕಾಲು ಸೊಂಟಕ್ಕಿಂತ ಮೇಲೇರಬಾರದು ಎಂದು ಡಾಕ್ಟರು ಒತ್ತಿ ಹೇಳಿದ್ದರು. ಮಗನ ಹೊಸ ಸಣ್ಣ ಕಾರಿನಲ್ಲಿ ಕೂಡುವುದೆಂದರೆ ಹೊಂಡಕ್ಕೆ ಇಳಿದಂತೆ. ಅಂಬಾಸಿಡರಿನ ಸೀಟು ಮಾತ್ರ ಮಂಚದಷ್ಟು ಎತ್ತರ. ಸೀರೆಯುಟ್ಟ ಹೆಂಗಸು ತಲೆ ತಗ್ಗಿಸದೆ, ನೆರಿಗೆ ಕೆಡಿಸಿಕೊಳ್ಳದೆ ಕೂಡಬಹುದು. ಹೀಗಾಗಿ ಮೂಲೆಗೆ ಬಿದ್ದ ಗಾಡಿಗೆ ಮತ್ತೆ ಬೆಲೆ ಬಂತು.

ಆದರೆ ಅದರ ಮೂತಿ ಕುಣಿಯುತ್ತಿತ್ತು. ಊರಿಗೊಂದು ಹಂಪ್ ಇರುವ ನಮ್ಮ ಕಡೆ, ಒಂದು ಹಂಪ್ ದಾಟಿದ ಮೇಲೆ ಮೂರು ಸಲ, ನಾಲ್ಕು ಸಲ ಎದ್ದು ಬಿದ್ದು ಆಮೇಲೆ ಸುಮ್ಮನಾಗುತ್ತಿತ್ತು. ಎರಡನೆಯ ಸಲ ಡಾಕ್ಟರಿಗೆ ತೋರಿಸಿ ಬರುವಾಗ ಅವ್ವ, "ಸೊಂಟದಾಗ ಯಾರೋ ಒನಕಿ ತಗೊಂಡು ಕುಟ್ಟಿದಂಗ ಆಕ್ಕೈತಿ, ಇನ್ನ ನಾ ಇದರಾಗ ಕೂಡಂಗಿಲ್ಲ" ಎಂದುಬಿಟ್ಟಳು. ಆ ದಿನದಿಂದ ಹೊಸ್ತಿಲು ದಾಟಲಿಲ್ಲ. ಹಡಗಲಿಯಲ್ಲಿ ಅವಳ ಅಕ್ಕ, ನಮ್ಮ ದೊಡ್ಡವ್ವ, ಹಾಸಿಗೆ ಹಿಡಿದಿದ್ದರು. ಇಬ್ಬರೂ ಮುಖ ನೋಡಿ ವರ್ಷ ದಾಟಿತ್ತು. ಫೋನಿನಲ್ಲಿ ಒಬ್ಬರಿಗೆ ಕೇಳಿಸದು, ಇನ್ನೊಬ್ಬರಿಗೆ ಅಳು.

ತಮ್ಮನ ಹೆಂಡತಿ ಗುಜರಿಯವನಿಗೆ ಕೊಡೋಣವೆಂದಳು. ತಮ್ಮ ಮುಂದಿನ ಶಾಕ್ ಅಬ್ಸಾರ್ಬರ್ ಬದಲಿಸುತ್ತೇನೆಂದ. ಏನನ್ನು ತೆಗೆದು ಏನನ್ನು ಹಾಕುತ್ತೀಯೆಂದು ಕೇಳಿದೆ. ಪಾಠ ಹೇಳಿದವಳಿಗೆ ಕೇಳುವ ಚಟ.

ಅಂಬಾಸಿಡರ್ ಮೂಲದಲ್ಲಿ ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡ್. ಹಿಂದುಸ್ತಾನ್ ಮೋಟರ್ಸ್‌ನವರು ಬಂಗಾಳದ ಉತ್ತರಪಾರದಲ್ಲಿ ೧೯೫೦ರ ದಶಕದ ಕೊನೆಯಿಂದ ೨೦೧೪ರವರೆಗೆ ತಯಾರಿಸಿದರು. ಅದರ ಮುಂಗಾಲಿಗೆ ಸುರುಳಿ ಸ್ಪ್ರಿಂಗ್ ಇಲ್ಲ. ಕಾರಿನ ತಳದಲ್ಲಿ ಉದ್ದಕ್ಕೆ ಮಲಗಿಸಿದ ಉಕ್ಕಿನ ಸರಳಿದೆ, ಅದಕ್ಕೆ ಟಾರ್ಷನ್ ಬಾರ್ ಎನ್ನುತ್ತಾರೆ. ದಸರೆಯ ಮುನ್ನ ಜಮಖಾನ ಒಗೆದು ಇಬ್ಬರು ಎರಡು ತುದಿ ಹಿಡಿದು ತಿರುವಿ ಹಿಂಡುತ್ತೇವಲ್ಲ, ಹಾಗೆ ಗಾಲಿ ಮೇಲೇರಿದಾಗ ಸರಳು ತಿರುಚಿಕೊಳ್ಳುತ್ತದೆ, ಆಮೇಲೆ ಬಿಚ್ಚಿಕೊಳ್ಳುತ್ತದೆ. ಭಾರ ಹೊರುವುದು ಅದೇ. ಆದರೆ ಬಿಚ್ಚಿಕೊಂಡದ್ದು ತಾನಾಗಿ ನಿಲ್ಲುವುದಿಲ್ಲ, ತೂಗುತ್ತಲೇ ಇರುತ್ತದೆ. ತೂಗಾಟವನ್ನು ಹಿಡಿದು ನಿಲ್ಲಿಸುವುದು ಶಾಕ್ ಅಬ್ಸಾರ್ಬರಿನ ಕೆಲಸ. ಹಳೆಯ ಮಾದರಿಯಲ್ಲಿ ಅದು ಎಣ್ಣೆ ತುಂಬಿದ ಒಂದು ಡಬ್ಬಿ, ಅದಕ್ಕೊಂದು ತೋಳು. ತೋಳು ಆಡಿದಾಗ ಒಳಗಿನ ಎಣ್ಣೆ ಸಣ್ಣ ತೂತಿನಿಂದ ನುಗ್ಗಬೇಕು. ಚಕ್ಕುಲಿ ಒತ್ತಿನಲ್ಲಿ ಹಿಟ್ಟು ಅವಸರಕ್ಕೆ ಇಳಿಯದೆ ಕೈಯನ್ನು ತಡೆಯುವಂತೆ ಎಣ್ಣೆ ಗಾಲಿಯನ್ನು ತಡೆಯುತ್ತದೆ. ನಮ್ಮ ಗಾಡಿಯ ಡಬ್ಬಿಗಳಲ್ಲಿ ಎಣ್ಣೆ ಎಂದೋ ಸೋರಿಹೋಗಿತ್ತು.

ಎಂಜಿಬಿ ಎಂಬ ಇಂಗ್ಲಿಷ್ ಸ್ಪೋರ್ಟ್ಸ್ ಕಾರು ೧೯೬೨ರಿಂದ ೧೯೮೦ರವರೆಗೆ ಬಂತು. ಸ್ಪ್ರಿಂಗ್ ಬೇರೆ ಬಗೆಯದಾದರೂ ಎಣ್ಣೆ ಡಬ್ಬಿ ಅದಕ್ಕೂ ಉಂಟು. ಅದರ ಅಭಿಮಾನಿಗಳು ಡಬ್ಬಿಯ ಬದಲು ಉದ್ದನೆಯ ಕೊಳವೆಯಂಥ ಟೆಲಿಸ್ಕೋಪಿಕ್ ಶಾಕ್ ಅಬ್ಸಾರ್ಬರ್ ಕೂಡಿಸಿಕೊಳ್ಳುತ್ತಾರೆ. ತಿರುವಿನಲ್ಲಿ ವೇಗವಾಗಿ ಹೋದರೂ ಗಾಡಿ ವಾಲಬಾರದೆಂದು ಹಲವರು ಬಿಗಿಯಾದದ್ದನ್ನೇ ಆರಿಸುತ್ತಾರೆ. ತಮ್ಮನಿಗೂ ಅಂಥದ್ದೇ ಬೇಕಿತ್ತು. ಗಂಡಸರಿಗೆ ಬಿಗಿ ಎಂದರೆ ಬಲ.

ಹರಪನಹಳ್ಳಿಯ ಮೇಸ್ತ್ರಿ ಒಪ್ಪಲಿಲ್ಲ. "ನಿಮ್ಮವ್ವಾರು ರೇಸಿಗೆ ಹೊಂಟಾರೇನ್ರೀ?" ಎಂದು ಕೇಳಿದರು. ತೀರ ಬಿಗಿಯಾದರೆ ಕುಣಿತ ನಿಂತರೂ ಪ್ರತಿ ಕಲ್ಲಿನ ಪೆಟ್ಟು ನೇರ ಸೊಂಟಕ್ಕೆ. ಬೇಕಾದದ್ದು ಮೆತ್ತಗಿನ ಗಾಡಿಯೂ ಅಲ್ಲ, ಬಿಗಿ ಗಾಡಿಯೂ ಅಲ್ಲ, ಒಮ್ಮೆ ಎದ್ದು ಒಮ್ಮೆ ಬಿದ್ದು ಸುಮ್ಮನಾಗುವ ಗಾಡಿ.

ಅವರು ಹೊಸ ಸಾಮಾನಿನ ಮಾತೇ ಎತ್ತದೆ ಜಾಕ್ ಕೊಟ್ಟು ಗಾಲಿ ಅಲುಗಾಡಿಸಿದರು. ಗಾಲಿಯನ್ನು ಹಿಡಿದಿರುವ ಪಿನ್ನಿಗೆ ಗ್ರೀಸ್ ಕಾಣದೆ ಎಷ್ಟು ವರ್ಷವಾಗಿತ್ತೋ, ಸವೆದು ಲೊಡಲೊಡ ಎನ್ನುತ್ತಿತ್ತು. ಅದು ಮುರಿದರೆ ಗಾಲಿ ಮಡಚಿಕೊಳ್ಳುತ್ತದಂತೆ. ಅವ್ವನನ್ನು ಇದರಲ್ಲೇ ದಾವಣಗೆರೆಗೆ ಕರೆದೊಯ್ದದ್ದು ನೆನೆದು ನನ್ನ ಕೈಕಾಲು ತಣ್ಣಗಾದವು. ರಬ್ಬರ್ ಬುಷ್‌ಗಳು ಹುಡುಗರ ಹಳೇ ರಬ್ಬರಿನಂತೆ ಪುಡಿಯಾಗಿದ್ದವು. ಅಪ್ಪ ಒಬ್ಬರೇ ಓಡಿಸಿದ್ದೇ ಹೆಚ್ಚಾದ್ದರಿಂದಲೋ ಏನೋ, ಬಲಗಡೆ ಎರಡು ಬೆರಳು ಕುಸಿದಿತ್ತು. ಅದನ್ನೂ ಸರಳಿನ ತುದಿ ಬಿಚ್ಚಿ ಕೂಡಿಸಿ ಸರಿಮಾಡಿದರು. ಕೊನೆಗೆ ಪಟ್ಟಿ ವೆಲ್ಡ್ ಮಾಡಿ, ಹದವಾದ ಕೊಳವೆಗಳನ್ನು ಕೂಡಿಸಿದರು. ಹಳೆಯ ಡಬ್ಬಿಯನ್ನು ತೆಗೆಯಲಿಲ್ಲ. ಅದರ ತೋಳೇ ಗಾಲಿಯ ಮೇಲ್ಗಡೆಯ ಆಸರೆಯಂತೆ. ಕೆಲಸ ಬಿಟ್ಟರೂ ಜಾಗ ಬಿಡದ ಹಿರಿಯರ ಹಾಗೆ ಅಲ್ಲೇ ಇದೆ. ಎಲ್ಲಾ ಸೇರಿ ೧೪,೦೦೦ ರೂಪಾಯಿ, ಹತ್ತು ದಿನ.

ಹಿಂದಿನ ಪಟ್ಟಾ ಸ್ಪ್ರಿಂಗ್ ಹಾಗೇ ಇದೆ, ದೊಡ್ಡ ಗುಂಡಿಗೆ ಈಗಲೂ ದಡ್ ಎನ್ನುತ್ತದೆ. ಅದಕ್ಕೇ ಅವ್ವನನ್ನು ಮುಂದೆ ಕೂಡಿಸಿ, ದಿಂಬು ಕೊಟ್ಟು, ನಾನು ಹಿಂದೆ ಕುಳಿತೆ. ಸುಗ್ಗಿಯ ಕಾಲ, ಹಡಗಲಿ ದಾರಿಯಲ್ಲಿ ರೈತರು ರಸ್ತೆಯ ಮೇಲೆಯೇ ಒಕ್ಕಲಿಗೆ ತೆನೆ ಹರವಿದ್ದರು. ಎರೆ ನೆಲದ ರಸ್ತೆ ಬೇರೆ, ಮಳೆಗೆ ಉಬ್ಬಿ ಬಿಸಿಲಿಗೆ ಕುಗ್ಗಿ ಅಲೆ ಅಲೆಯಾಗಿರುತ್ತದೆ. ಮೊದಲ ಹಂಪ್ ಬಂದಾಗ ಅವ್ವ ಬಾಗಿಲಿನ ಹಿಡಿಯನ್ನು ಬಿಗಿಯಾಗಿ ಹಿಡಿದು ಕಣ್ಣು ಮುಚ್ಚಿದಳು. ಗಾಡಿ ಏರಿತು, ಇಳಿಯಿತು. ಅವಳು ಇನ್ನೂ ಕಣ್ಣು ಮುಚ್ಚಿಯೇ ಮುಂದಿನ ಕುಣಿತಕ್ಕೆ ಕಾಯುತ್ತಿದ್ದಳು.

"ಮುಗೀತೇನು?" ಎಂದಳು.

"ಮುಗೀತಬೇ" ಎಂದ ತಮ್ಮ.

ಹಡಗಲಿಯಲ್ಲಿ ಎರಡು ಮೊಳ ಮಲ್ಲಿಗೆ ಕೊಂಡೆವು. ದೊಡ್ಡವ್ವ ತಂಗಿಯ ಕೈಯನ್ನು ಹಿಡಿದು, ಹೊತ್ತು ಇಳಿಯುವವರೆಗೂ ಬಿಡಲಿಲ್ಲ. ಮರಳುವಾಗ ಅವ್ವ, ಕೂಡ್ಲಿಗಿಯ ತಂಗಿಯ ಮನೆಗೆ ಯಾವಾಗ ಹೋಗೋಣ ಎಂದು ಕೇಳಿದಳು. ತಮ್ಮ, ಮೊದಲು ಗ್ರೀಸ್ ಹೊಡೆಸಬೇಕು ಎಂದ.